ಬಿಲ್ ಸೊನ್ನೆ ಆತು, ವಾಯರ್ ದಪ್ಪ ಆಗಲಿಲ್ಲ



ಈ ವಾರ ಗೋವಿನಜೋಳದ ಲದ್ದಿ ಹುಳದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರ. ಇವತ್ತು ಹೊಲದ ಮಾತಲ್ಲ, ಮನಿ ಗ್ವಾಡಿಯೊಳಗಿನ ಮಾತು. ಸ್ವಲ್ಪ ಉದ್ದ ಆಗತೈತಿ. ಮಳಿ ಬಂದು ಹೊಲಕ್ಕ ಕಾಲಿಡೋಹಂಗಿಲ್ಲ, ಹೆಂಗೂ ಮನ್ಯಾಗ ಕುಂತೀರಿ, ಪೂರ್ತಿ ಓದ್ರಿ.

ಮೊನ್ನೆ ಸೋಮವಾರ ಬಂಕಾಪುರದೊಳಗ ನಮ್ಮ ಪರಿಚಯದವರ ಒಂದು ಮನಿಗೆ ಹೋಗಿದ್ದೆ. ಹೆಸರು ಹೇಳಂಗಿಲ್ಲ. ಹೊಸದಾಗಿ ಸೊಸಿ ಬಂದಾಳ, ಫ್ರಿಜ್ ತಂದಾರ. ಫ್ರಿಜ್ ಇಡೋ ಮೂಲಿಯೊಳಗ ಪ್ಲಗ್ ಇಲ್ಲ. ಓಣಿ ಹುಡುಗ ಒಬ್ಬ ಸ್ಟೂಲ್ ಮ್ಯಾಲೆ ನಿಂತು ಪಡಸಾಲಿ ಬೋರ್ಡ್ ಬಿಚ್ಚಿ, ಅಲ್ಲಿಂದ ಅಡಗಿ ಮನಿಗೆ ಎರಡು ವಾಯರ್ ಎಳೀಲಿಕ್ಕೆ ಹತ್ತಿದ್ದ.

"ತಮ್ಮಾ, ಮೂರನೇ ವಾಯರ್ ಎಲ್ಲೈತೋ?" ಅಂದೆ.

"ಅರ್ಥ್ ಈ ಮನ್ಯಾಗ ಎಲ್ಲೈತಿ ಕಾಕಾ? ನ್ಯೂಟ್ರಲ್‌ದಿಂದ ಸಾಕೆಟ್‌ನ್ಯಾಗ ಒಂದು ಲೂಪ್ ಕೊಟ್ರ ಆತು. ಎಲ್ಲಾರೂ ಹಂಗ ಮಾಡ್ತಾರ."

ಮನಿ ಯಜಮಾನ ನಕ್ಕು, "ಒಂದು ಪಾಯಿಂಟ್‌ಗೆ ಏನ್ ಆಗತೈತೋ ಮಾರಾಯಾ, ಚಾ ಕುಡಿ ಬಾ" ಅಂದ್ರು.

ಈ ಮಾತು ಕೇಳಿದ್ರ ನನಗ ಸಿಟ್ಟು ಬರತೈತಿ. ಆ ಹುಡುಗನ ಮ್ಯಾಲಲ್ಲ, ಮಾತಿನ ಮ್ಯಾಲೆ. ಯಾಕಂದ್ರ ಇದೇ ಮಾತು ಹೇಳಿ ನಾನು ಒಂದು ಎಮ್ಮಿ ಕೊಂದೇನಿ.

ಹೋದ ವರ್ಷದ ಆರಿದ್ರ ಮಳಿ. ಅದಕ್ಕೂ ಎರಡು ವರ್ಷದ ಹಿಂದ ಮೇವು ಕಡಿಯೋ ಮಷೀನ್ ತಂದಿದ್ದೆ. ಎರಡು ಎಚ್‌ಪಿ, ಸಿಂಗಲ್ ಫೇಸ್ ಮೋಟರ್. ದನದ ಕೊಟ್ಟಿಗಿಯೊಳಗ ಒಂದು ಬಲ್ಬ್ ಬಿಟ್ಟರ ಏನೂ ಇರಲಿಲ್ಲ. ವಾಯರಮನ್‌ಗೆ ನಾಕು ಸಲ ಹೇಳಿ ಕಳಿಸಿದೆ. ಒಂದು ಪಾಯಿಂಟ್‌ಗೆ ಯಾರು ಬರ್ತಾರ? ಬರಲಿಲ್ಲ. ನಾನೇ ಕುಂತೆ. ಪಡಸಾಲಿ ಬೋರ್ಡ್‌ನಿಂದ ಕೊಟ್ಟಿಗಿ ಬಲ್ಬಿಗೆ ಹೋಗಿದ್ದ ಒಂದೂವರೆ ಎಂಎಂ ವಾಯರ್ ನಡುವ ಕತ್ತರಿಸಿ, ಚರ್ಮ ಸುಲಿದು, ಹೊಸ ವಾಯರ್ ತಿರುವಿ, ಟೇಪ್ ಸುತ್ತಿ ತ್ರೀ ಪಿನ್ ಸಾಕೆಟ್ ಕುಂದ್ರಿಸಿದೆ. ಮೂರನೇ ತೂತಿಗೆ ಅರ್ಥ್ ಬೇಕು. ಅರ್ಥ್ ಇಲ್ಲ. ನ್ಯೂಟ್ರಲ್‌ದಿಂದ ಒಂದು ಗೇಣು ತಂತಿ ತಂದು ಅಲ್ಲೇ ಸಿಗಿಸಿದೆ. ಮಷೀನ್ ಚಾಲೂ ಆತು. ಮನಿಯಾಕಿಗೆ ಮೀಸಿ ತಿರುವಿ ತೋರಿಸಿದೆ.

ಎರಡು ದಿನಕ್ಕ ಫೀಜ್ ಹೋತು. ಫೀಜಿಗೆ ಒಂದು ಎಳಿ ತಂತಿ ಇದ್ದದ್ದು ಎರಡು ಎಳಿ ಮಾಡಿದೆ. ಮತ್ತ ಹೋತು. ಮೂರು ಎಳಿ ಮಾಡಿದೆ. ಆಮ್ಯಾಲೆ ಹೋಗಲೇ ಇಲ್ಲ. ಆಗ ನಾನು ಸಮಸ್ಯೆ ಬಗೆಹರೀತು ಅಂದ್ಕೊಂಡೆ. ಕಾವಲು ನಾಯಿ ಬೊಗಳತೈತಿ ಅಂತ ಅದರ ಬಾಯಿ ಕಟ್ಟಿದ್ದೆ, ಅಷ್ಟೇ.

ಎರಡು ವರ್ಷ ಏನೂ ಆಗಲಿಲ್ಲ. ಇದನ್ನ ನೆನಪಿಟ್ಕೊಳ್ರಿ. ಎರಡು ವರ್ಷ, ದಿನಾ ಎರಡು ಹೊತ್ತು, ಏನೂ ಆಗಲಿಲ್ಲ.

ಆವತ್ತು ಮುಂಜಾನೆ ಕೋಟಿ ಕಡೆಯಿಂದ ನವಿಲು ಕೂಗೋ ಹೊತ್ತು. ರಾತ್ರಿಯೆಲ್ಲಾ ಮಳಿ ಬಂದು ಕೊಟ್ಟಿಗಿ ನೆಲ ಹಸಿ ಆಗಿತ್ತು. ಎಮ್ಮಿ ಸರಪಳಿ ಕಬ್ಬಿಣದ ಕಂಬಕ್ಕ ಕಟ್ಟಿತ್ತು, ಅದೇ ಕಂಬಕ್ಕ ಮಷೀನ್ ಸ್ಟ್ಯಾಂಡ್ ಬೋಲ್ಟ್ ಮಾಡಿದ್ದೆ. ಸ್ವಿಚ್ ಹಾಕಿದೆ. ಮಷೀನ್ ತಿರುಗಲಿಲ್ಲ. ಹಿಂದ ಎಮ್ಮಿ ಒಂದು ಸಲ ಒದರಿ ಅಡ್ಡ ಬಿತ್ತು. ನಾನು ಸ್ವಿಚ್ ತೆಗೆಯೋದ್ರೊಳಗ ಮುಗಿದಿತ್ತು. ಎರಡನೇ ಸೂಲಿನ ಎಮ್ಮಿ, ಎರಡು ಹೊತ್ತಿನ ಹಾಲು, ನಮ್ಮ ಸಂತಿ ಖರ್ಚು ಅದರ ಮ್ಯಾಲೇ ನಡೀತಿತ್ತು.

ಮಷೀನ್ ಚಾಲೂ ಆಗದಿದ್ರ ನಾವೆಲ್ಲಾ ಏನು ಮಾಡ್ತೀವ್ರಿ? ಹೋಗಿ ಒಂದು ಬಡೀತೀವಿ, ಚಕ್ರ ಕೈಯಿಂದ ತಿರುವಿ ನೋಡ್ತೀವಿ. ಎಮ್ಮಿ ಬೀಳದಿದ್ರ ನನ್ನ ಕೈ ಅಲ್ಲೇ ಹೋಗ್ತಿತ್ತು. ಇಲ್ಲಾ ಸೊಪ್ಪಿ ಹಾಕಾಕ ಬಂದ ಮನಿಯಾಕಿ ಕೈ. ಆಕಿ ಆವತ್ತು ಅತ್ತು ಸುಮ್ಮನಾದ ಮ್ಯಾಲೆ ಹೇಳಿದ್ದು ಒಂದೇ ಮಾತು: "ನಿಮ್ಮ ಪಾಲಿನದು ಅದು ತಗೊಂತು."

ಏನಾಗಿತ್ತು ಅಂತ ಆಮ್ಯಾಲೆ ತಿಳೀತು. ಶಿಗ್ಗಾಂವಿಯಿಂದ ಐಟಿಐ ಕಲಿತ ವಾಯರಮನ್ ಬಂದು ಪಡಸಾಲಿ ಬೋರ್ಡ್ ಬಿಚ್ಚಿದ. ನಾನು ತಿರುವಿ ಟೇಪ್ ಸುತ್ತಿದ್ದ ನ್ಯೂಟ್ರಲ್ ಜಾಯಿಂಟ್ ಸುಟ್ಟು ಕರ್ರಗಾಗಿ ಬಿಟ್ಟಿತ್ತು. ಅಂದ್ರ ಕರೆಂಟ್ ಫೇಸ್‌ನಿಂದ ಮೋಟರ್‌ಗೆ ಬಂತು, ವಾಪಸ್ ಹೋಗೋ ಹಾದಿ ಮುಚ್ಚಿತ್ತು. ನಾನು ಹಾಕಿದ ಲೂಪ್ ಇತ್ತಲ್ಲ, ಅದು ಆ ಕರೆಂಟನ್ನ ಮಷೀನಿನ ಮೈಗೆ ತಂದು ಕೊಟ್ಟಿತು. ಲೂಪ್ ಇರದಿದ್ರ ಮಷೀನ್ ಸುಮ್ಮನ ನಿಲ್ತಿತ್ತು, ಅಷ್ಟೇ. ರಕ್ಷಣೆಗೆ ಅಂತ ಹಾಕಿದ ತಂತಿನೇ ಕೊಂದಿತು. ಫೀಜಿಗೆ ಸುದ್ದಿನೇ ಹತ್ತಲಿಲ್ಲ.

ಈಗ ವಾದಕ್ಕ ಬರ್ತೀನಿ. ಈ ಒಂದು ವರ್ಷದಾಗ ನಾನು ಎಲ್ಲಿ ಈ ಮಾತು ತೆಗೆದ್ರೂ ಜನ ನಾಕು ಉತ್ತರ ಕೊಡ್ತಾರ. ಒಂದೊಂದಕ್ಕೂ ನನ್ನ ಜವಾಬು ಇಲ್ಲೈತಿ.

ಮೊದಲನೇದು: "ನಮ್ಮ ಮನ್ಯಾಗ ಮೂವತ್ತು ವರ್ಷದಿಂದ ಹಿಂಗ ಐತಿ, ಏನೂ ಆಗಿಲ್ಲ."

ಮೂವತ್ತು ವರ್ಷದ ಹಿಂದ ನಿಮ್ಮ ಮನ್ಯಾಗ ಏನೇನು ಇತ್ತು ನೆನಪು ಮಾಡ್ಕೊಳ್ರಿ. ಎರಡು ಬಲ್ಬು, ಒಂದು ರೇಡಿಯೋ. ಭಾಗ್ಯಜ್ಯೋತಿ ಮನಿಗಳಿಗೆ ಬಂದಿದ್ದೇ ಒಂದು ಬಲ್ಬಿನ ಕನೆಕ್ಷನ್. ಆಗಿನ ವಾಯರಿಂಗ್ ಅಂದ್ರ ಕಟ್ಟಿಗಿ ಪಟ್ಟಿ ಮ್ಯಾಲೆ ಎರಡು ವಾಯರ್, ಬಹಳ ಮನಿಗಳಲ್ಲಿ ಅಲ್ಯೂಮಿನಿಯಂ. ಅದು ಆ ಹೊರಿಗೆ ಸಾಕಾಗಿತ್ತು. ಆಮ್ಯಾಲೆ ಟಿವಿ ಬಂತು, ಮಿಕ್ಸಿ ಬಂತು, ಫ್ರಿಜ್ ಬಂತು. 2023ರ ಜುಲೈದಿಂದ ಗೃಹಜ್ಯೋತಿ ಬಂತು, 200 ಯೂನಿಟ್ ಒಳಗ ಇದ್ದವರಿಗೆ ಅವರವರ ಸರಾಸರಿ ನೋಡಿ ಬಿಲ್ ಸೊನ್ನೆ. ಒಳ್ಳೇದೇ ಆತು, ನಾನೂ ಅದರ ಫಲಾನುಭವಿ, ನಾನು ಅದನ್ನ ಬೈಯೋದಿಲ್ಲ. ಆದ್ರ ಬಿಲ್ ಸೊನ್ನೆ ಆದ ಮ್ಯಾಲೆ ಒಲಿ ಬದಲು ಇಂಡಕ್ಷನ್ ಬಂತು, ಹಂಡೆ ಬದಲು ನೀರು ಕಾಯ್ಸೋ ಕಾಯಿಲ್ ಬಂತು. ಬಿಲ್ ಸೊನ್ನೆ ಆತು, ವಾಯರ್ ದಪ್ಪ ಆಗಲಿಲ್ಲ. ಗ್ವಾಡಿಯೊಳಗ ಅದೇ ಹಳೇ ತಂತಿ.

ಲೆಕ್ಕ ನೋಡ್ರಿ. ನಾನು ಎಸೆಸೆಲ್ಸಿ ಪಾಸಾದವ, ಇದು ಆಗಿನ ವಿಜ್ಞಾನ ಪುಸ್ತಕದಾಗೇ ಇತ್ತು. ಪರೀಕ್ಷೆ ಬರೆದು ಮರೆತಿದ್ದೆ. ಯಂತ್ರದ ಮ್ಯಾಲೆ ಬರೆದಿರೋ ವಾಟ್ಸ್‌ನ 230ರಿಂದ ಭಾಗಿಸಿದ್ರ ಹೆಚ್ಚೂಕಡಿಮಿ ಎಷ್ಟು ಆಂಪಿಯರ್ ಎಳೀತೈತಿ ಅಂತ ಸಿಗತೈತಿ. 9 ವಾಟ್ಸ್ ಎಲ್‌ಇಡಿ ಬಲ್ಬ್ ಲೆಕ್ಕಕ್ಕೇ ಇಲ್ಲ. ಬಲ್ಬು, ಫ್ಯಾನು, ಟಿವಿ ಎಲ್ಲಾ ಸೇರಿ 200 ವಾಟ್ಸ್ ಅಂದ್ರ ಒಂದು ಆಂಪಿಯರ್ ಆಗಂಗಿಲ್ಲ. 1000 ವಾಟ್ಸ್ ಇಸ್ತ್ರಿ ಪೆಟ್ಟಿಗಿ 4.3. 1500 ವಾಟ್ಸ್ ಕಾಯಿಲ್ 6.5. 2000 ವಾಟ್ಸ್ ಇಂಡಕ್ಷನ್ ಇಲ್ಲಾ ಗೀಸರ್ 8.7. ನನ್ನ ಎರಡು ಎಚ್‌ಪಿ ಮೋಟರ್ ನಡೀವಾಗ ಹತ್ತರ ಆಜೂಬಾಜು, ಚಾಲೂ ಆಗೋ ಕ್ಷಣ ಅದರ ಐದಾರು ಪಟ್ಟು.

ಇನ್ನೊಂದು ಮಾತು. ಜಾಯಿಂಟ್ ಸಡಿಲಿದ್ರ ಅಲ್ಲಿ ಬಿಸಿ ಹುಟ್ಟತೈತಿ. ಆ ಬಿಸಿ ಕರೆಂಟಿನ ಜೋಡಿ ಸರಿಸಮ ಏರೋದಿಲ್ಲ, ವರ್ಗವಾಗಿ ಏರತೈತಿ. ಕರೆಂಟ್ ಎರಡು ಪಟ್ಟಾದ್ರ ಬಿಸಿ ನಾಕು ಪಟ್ಟು. ಒಂದು ಆಂಪಿಯರ್ ಹರಿಯೋ ಜಾಯಿಂಟಿನೊಳಗ ಹತ್ತು ಆಂಪಿಯರ್ ಹರಿಸಿದ್ರ ಬಿಸಿ ನೂರು ಪಟ್ಟು. ಬಲ್ಬು, ಟಿವಿಗೆ ಮೂವತ್ತು ವರ್ಷ ಬಾಳಿದ ಜಾಯಿಂಟ್ ಕಾಯಿಲ್‌ಗೆ ಒಂದು ಚಳಿಗಾಲ ಬಾಳೋದಿಲ್ಲ. ಅದಕ್ಕೇ "ಮೂವತ್ತು ವರ್ಷ ಏನೂ ಆಗಿಲ್ಲ" ಅನ್ನೋದು ಸಾಕ್ಷಿ ಅಲ್ಲ. ಹಳೇ ಚಕ್ಕಡಿ ಮೂವತ್ತು ವರ್ಷ ಹುಲ್ಲು ಹೊತ್ತೈತಿ ಅಂತ ಅದರ ಮ್ಯಾಲೆ ಕಲ್ಲು ಹೇರ್ತೀರೇನು?

ಎರಡನೇದು: "ನ್ಯೂಟ್ರಲ್ ಅಂದ್ರ ಅರ್ಥೇ ಅಲ್ಲೇನ್ರಿ? ಟಿಸಿ ಹತ್ರ ಎರಡೂ ಒಂದೇ ಕಡೆ ಭೂಮಿಗೆ ಹೋಗ್ತಾವು."

ಅರ್ಧ ಖರೆ. ಅರ್ಧ ಖರೆ ಇರೋ ಮಾತೇ ಬಹಳ ಅಪಾಯ. ನಮ್ಮ ಕೆರಿ ಲೆಕ್ಕದಾಗ ಹೇಳ್ತೀನಿ. ಕೆರಿಗೆ ತೂಬು ಇರತೈತಿ, ಕಾಲುವಿಗೆ ದಿನಾ ನೀರು ಹರಿಯೋದು ಅದರಿಂದ. ಕೋಡಿ ಬ್ಯಾರೆ. ಕೋಡಿಯೊಳಗ ವರ್ಷದಾಗ ಬಹಳ ದಿನ ಒಂದು ಹನಿ ಹರಿಯೋದಿಲ್ಲ. ನೀರು ಮಿತಿ ಮೀರಿದ ದಿನ ಏರಿ ಉಳಿಸೋದು ಕೋಡಿ. ನ್ಯೂಟ್ರಲ್ ತೂಬಿದ್ದಂಗ, ದಿನಾ ಕರೆಂಟ್ ವಾಪಸ್ ಹೋಗೋ ಹಾದಿ. ಅರ್ಥ್ ಕೋಡಿ ಇದ್ದಂಗ, ಸುಮ್ಮನ ಇರತೈತಿ, ಕೆಟ್ಟ ದಿನಕ್ಕ ಬೇಕು. ಎರಡೂ ನೀರೇ ಅಂತ ಹೇಳಿ ಕೋಡಿ ಮುಚ್ಚಿ ತೂಬಿಗೇ ಜೋಡಿಸಿದ್ರ, ತೂಬು ಕಟ್ಟಿದ ದಿನ ಏರಿ ಒಡೀತೈತಿ.

ನ್ಯೂಟ್ರಲ್ ಎಲ್ಲಿ ಬೇಕಾದ್ರೂ ಕಡೀಬಹುದು. ಬೋರ್ಡಿನೊಳಗ, ಮೀಟರ್ ಹತ್ರ, ಮಂಗ್ಯಾ ಜೋತುಬಿದ್ದ ಸರ್ವಿಸ್ ವಾಯರಿನೊಳಗ, ಕಂಬದ ಮ್ಯಾಲೆ. ಗಾಳಿ ಮಳಿಗೆ ವಾಯರ್ ಹರಿದು ಮತ್ತ ಜೋಡಿಸೋವಾಗ ಫೇಸ್ ಎತ್ಲಾಗ, ನ್ಯೂಟ್ರಲ್ ಇತ್ಲಾಗ ಅದಲುಬದಲು ಆದ್ರೂ ಸಾಕು. ಬಲ್ಬು ಹತ್ತತೈತಿ, ಫ್ಯಾನು ತಿರುಗತೈತಿ, ನಿಮಗ ಏನೂ ಗೊತ್ತಾಗಂಗಿಲ್ಲ. ಆದ್ರ ಲೂಪ್ ಹಾಕಿದ ಫ್ರಿಜ್ಜಿನ ಮೈಯೆಲ್ಲಾ 230 ವೋಲ್ಟ್. ಸಾಕೆಟ್‌ನೊಳಗ ಲೂಪ್ ಹಾಕೋದು ಅರ್ಥ್ ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು. ಈ ಒಂದು ವಾಕ್ಯ ನೆನಪಿದ್ರ ಸಾಕು, ಉಳಿದದ್ದು ಮರೀರಿ.

ಇನ್ನ "ಫ್ರಿಜ್ ಮುಟ್ಟಿದ್ರ ಜುಮ್ಮು ಅಂತೈತಿ" ಅಂದ್ರ ನಾವು ಏನು ಹೇಳ್ತೀವಿ? "ಚಪ್ಪಲಿ ಹಾಕ್ಕೋ, ಇಲ್ಲಾ ಮಣಿ ಮ್ಯಾಲೆ ನಿಂತು ಬಾಗಿಲ ತಗೀ." ಎಷ್ಟು ಮನ್ಯಾಗ ಗ್ರೈಂಡರ್ ಮುಂದ ಇವತ್ತಿಗೂ ಒಂದು ಮಣಿ ಐತಿ ಹೇಳ್ರಿ? ಆ ಜುಮ್ಮು ಅನ್ನೋದು ಸೋರಿಕಿ. ಬಾಂದದ ಬುಡದಾಗ ನೀರು ಜಿನುಗಿದ್ರ ರಾತ್ರಿನೇ ಸಲಿಕಿ ತಗೊಂಡು ಹೋಗ್ತೀವಿ. ಅಡಗಿ ಮನ್ಯಾಗ ಕರೆಂಟ್ ಜಿನುಗಿದ್ರ ಹೆಣ್ಣುಮಕ್ಕಳಿಗೆ ಮಣಿ ಕೊಡ್ತೀವಿ. ಹಸಿ ನೆಲದ ಮ್ಯಾಲೆ ಬರಿಗಾಲಿಲೆ ನಿಂದ್ರೋರು ಅವರು, ವಾಯರ್ ಎಳೆಸಿ ಚಾ ಕುಡಿಯೋರು ನಾವು. ನನ್ನ ಸಿಟ್ಟಿನ ಮೂಲ ಇದು.

ಮೂರನೇದು: "ನಾವು ಎಂಸಿಬಿ ಹಾಕ್ಸೀವಿ, ಶಾಕ್ ಹೊಡದ್ರ ತಾನೇ ಬೀಳತೈತಿ."

ಬೀಳಂಗಿಲ್ಲ. ಎಂಸಿಬಿ ಇರೋದು ವಾಯರ್ ಉಳಿಸಾಕ, ಮನಿಷ್ಯಾನ್ನ ಉಳಿಸಾಕ ಅಲ್ಲ. ಮನಿಯೊಳಗ ಇರೋದ್ರೊಳಗ ಸಣ್ಣದು 6 ಆಂಪಿಯರ್ ಎಂಸಿಬಿ ಅಂತ ಇಟ್ಕೊಳ್ರಿ. 6 ಆಂಪಿಯರ್ ಅಂದ್ರ 6000 ಮಿಲಿ ಆಂಪಿಯರ್. ಮನಿಷ್ಯಾನ ಎದಿ ನಿಲ್ಲಾಕ ಹತ್ತಾರು ಮಿಲಿ ಆಂಪಿಯರ್ ಸಾಕು. ಅದಕ್ಕೇ ಮನಿಗೆ ಹಾಕೋ ಆರ್‌ಸಿಸಿಬಿ ಮ್ಯಾಲೆ 30 ಮಿಲಿ ಆಂಪಿಯರ್ ಅಂತ ಬರೆದಿರತೈತಿ. 6000ಕ್ಕೂ 30ಕ್ಕೂ ಇನ್ನೂರು ಪಟ್ಟು ಅಂತರ. ಆ ಅಂತರದೊಳಗ ಒಂದು ಎಮ್ಮಿ ಅಲ್ಲ, ಒಂದು ಮನಿತನ ಹೋಗತೈತಿ.

ಆರ್‌ಸಿಸಿಬಿ ಕೆಲಸ ತಿಳಿಯೋದು ಕಷ್ಟ ಇಲ್ಲ. ಡೇರಿಗೆ ಹಾಕಿದ ಹಾಲಿನ ಲೆಕ್ಕದಂಗ. ಫೇಸಿನೊಳಗ ಎಷ್ಟು ಹೋತು, ನ್ಯೂಟ್ರಲ್‌ನೊಳಗ ಎಷ್ಟು ವಾಪಸ್ ಬಂತು ಅಂತ ತೂಗಿ ನೋಡತೈತಿ. ಕಡಿಮಿ ಬಂದ್ರ, ನಡುವ ಎಲ್ಲೋ ಗ್ವಾಡಿಗೋ ಮೈಗೋ ಸೋರಿ ಭೂಮಿಗೆ ಹೋಗೇತಿ ಅಂತ ತಿಳಿದು ಕಣ್ಣು ಮುಚ್ಚಿ ತೆಗೆಯೋದ್ರೊಳಗ ಕಡಿದು ಹಾಕತೈತಿ. ಆವತ್ತು ನನ್ನ ಮೇನ್ ಬೋರ್ಡಿನೊಳಗ ಇದೊಂದು ಇದ್ದಿದ್ರ ಎಮ್ಮಿ ಬೆದರಿ ಜಿಗಿದು ನಿಲ್ತಿತ್ತು, ಸಾಯ್ತಿರಲಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದೊಳಗೂ ಮನಿಗೆ ಈ 30 ಮಿಲಿ ಆಂಪಿಯರ್ ಮಿತಿನೇ ಐತಿ. ಆದ್ರ ಸಣ್ಣ ಲೋಡಿನ ಮನಿಗಳಿಗೆ ವಿನಾಯ್ತಿ ಕೊಟ್ಟಾರ. ಕಾಗದದ ಮ್ಯಾಲೆ ನಮ್ಮಂಥವರ ಮನಿ ಲೋಡ್ ಸಣ್ಣದೇ. ಅಂದ್ರ ಯಾರ ಮನ್ಯಾಗ ನೆಲ ಹಸಿ, ಗ್ವಾಡಿ ಮಣ್ಣು, ಜಾಯಿಂಟ್ ಹೆಚ್ಚು, ಅವರ ಮನಿಗೇ ಕಡ್ಡಾಯ ಇಲ್ಲ. ಇದು ಯಾವ ನ್ಯಾಯ? ವಿನಾಯ್ತಿ ಕೊಡೋದಾದ್ರ ರೊಕ್ಕದಾಗ ಕೊಡ್ರಿ, ಜೀವದಾಗ ಯಾಕ?

ದೇಶದೊಳಗ ಕರೆಂಟ್ ಹೊಡದು ಸಾಯೋರ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕ ಹತ್ತು ಸಾವಿರ ದಾಟೇತಿ ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳತೈತಿ. ಅದರೊಳಗ ಎಮ್ಮಿ, ಎತ್ತು ಲೆಕ್ಕಕ್ಕಿಲ್ಲ.

ನಾಕನೇದು: "ಒಂದು ಪಾಯಿಂಟ್‌ಗೆ ವಾಯರಮನ್ ಬರಂಗಿಲ್ಲ, ಬಂದ್ರೂ ರೊಕ್ಕ ಹೆಚ್ಚು."

ಇದು ಮಾತ್ರ ನೂರಕ್ಕ ನೂರು ಖರೆ. ಇಲ್ಲಿ ನಾನು ಜನರ ಕಡೆ. "ಲೈಸೆನ್ಸ್ ಇದ್ದವರಿಂದಲೇ ಮಾಡಿಸಿರಿ" ಅಂತ ಪೋಸ್ಟರ್ ಹಚ್ಚಿದ್ರ ಕೆಲಸ ಮುಗೀತೇನು? ಹಳ್ಳಿಗೆ ಒಂದು ಪ್ಲಗ್ ಸಲುವಾಗಿ ಯಾವ ಲೈಸೆನ್ಸ್‌ದವ ಬೈಕ್ ಹೊಡ್ಕೊಂಡು ಬರ್ತಾನ? ಬರಂಗಿಲ್ಲ ಅಂತ ಗೊತ್ತಿದ್ದೂ ಹೇಳೋದು, ಆಮ್ಯಾಲೆ ಅನಾಹುತ ಆದ್ರ "ಹೇಳಿದ್ವಿ" ಅನ್ನೋದು. ಇದು ಸಲಹೆ ಅಲ್ಲ, ಕೈ ತೊಳಕೊಳ್ಳೋ ನೀರು. ಇನ್ನ ಮೊಬೈಲ್ ವಿಡಿಯೋದವರು "ಐದೇ ನಿಮಿಷದಾಗ ಹೊಸ ಪಾಯಿಂಟ್" ಅಂತ ತೋರಸ್ತಾರ. ಅವರು ತೋರಿಸೋ ಮನಿ ಪೈಪ್ ವಾಯರಿಂಗ್, ಪ್ರತಿ ಬೋರ್ಡಿಗೆ ಹಸಿರು ಅರ್ಥ್ ವಾಯರ್ ಬಂದಿರತೈತಿ. ನಮ್ಮದು ಎರಡು ವಾಯರಿನ ಮನಿ. ಅವರ ಔಷಧ ನಮ್ಮ ಬ್ಯಾನಿಗೆ ಅಲ್ಲ.

ಹಂಗಾದ್ರ ಇದ್ದ ಬೋರ್ಡಿನಿಂದ ಹೊಸ ಪಾಯಿಂಟ್ ತಗೋಲೇಬಾರದೇನು? ತಗೋಬಹುದು. ನಾನು ಅದರ ವಿರೋಧಿ ಅಲ್ಲ. ಕೇಳಬೇಕಾದ ಐದು ಪ್ರಶ್ನೆ ಕೇಳದೇ ತಗೊಳ್ಳೋದರ ವಿರೋಧಿ. ಕೈ ವಾಯರಮನ್ದು ಇರಲಿ, ಕಣ್ಣು ನಿಮ್ಮವು ಇರಲಿ. ಬಾಜೂಕ ನಿಂತು ಕೇಳ್ರಿ.

ಒಂದು, ಈ ಪಾಯಿಂಟ್‌ಗೆ ಏನು ಹಚ್ಚತೀವಿ? ಮೊಬೈಲ್, ಟಿವಿ, ಟೇಬಲ್ ಫ್ಯಾನು, ಅರ್ಥ್ ಇದ್ದ ಕಡೆ ಫ್ರಿಜ್, ಇವಕ್ಕ ಸರಿಯಾದ ಬೋರ್ಡಿನಿಂದ 6 ಆಂಪಿಯರ್ ಸಾಕೆಟ್ ತಗೋಬಹುದು. ಕಾಯಿಲ್, ಗೀಸರ್, ಇಂಡಕ್ಷನ್, ಹಿಟ್ಟಿನ ಗಿರಣಿ, ಮೇವಿನ ಮಷೀನ್ ಇವಕ್ಕ ಲೈಟಿನ ಬೋರ್ಡ್ ಮುಟ್ಟಬ್ಯಾಡ್ರಿ. ಮೇನ್ ಬೋರ್ಡಿನಿಂದ ಸೀದಾ ಬ್ಯಾರೆ ಲೈನ್, ಬ್ಯಾರೆ ಎಂಸಿಬಿ, 16 ಆಂಪಿಯರಿನ ದೊಡ್ಡ ಸಾಕೆಟ್. ದೊಡ್ಡ ಪಿನ್ನನ್ನ ಸಣ್ಣ ಸಾಕೆಟ್ಟಿಗೆ ಹೊಂದಿಸೋ ಅಡಾಪ್ಟರ್ ಸಿಗತೈತಲ್ಲ, ಅದನ್ನ ಮನಿಯೊಳಗ ತರಲೇಬ್ಯಾಡ್ರಿ. ಆ ಪಿನ್ನು ದೊಡ್ಡದು ಮಾಡಿದ್ದೇ ಸಣ್ಣದರೊಳಗ ಹೋಗಬಾರದು ಅಂತ.

ಎರಡು, ಗ್ವಾಡಿಯೊಳಗ ಯಾವ ವಾಯರ್ ಐತಿ? ಅಲ್ಯೂಮಿನಿಯಂ ಇದ್ರ ಅದಕ್ಕ ತಾಮ್ರ ತಿರುವಿ ಜೋಡಿಸಬ್ಯಾಡ್ರಿ. ಎರಡು ಲೋಹ ಹಸಿಯೊಳಗ ಸೇರಿದ್ರ ಜಾಯಿಂಟ್ ಕಿಲುಬು ಹಿಡಿದು ಸಡಿಲಾಗತೈತಿ. ತಾಮ್ರ ಇದ್ರ ಲೈಟಿಗೆ ಒಂದೂವರೆ ಎಂಎಂ, ದೊಡ್ಡ ಸಾಕೆಟ್ಟಿಗೆ ಎರಡೂವರೆ, ಗೀಸರ್, ಮೋಟರಿಗೆ ದೂರ ನೋಡಿ ನಾಕು ಎಂಎಂ. ಎಂಸಿಬಿ ಆ ಲೈನಿನೊಳಗಿನ ಎಲ್ಲಕ್ಕಿಂತ ತೆಳುವು ವಾಯರ್ ನೋಡಿ ಹಾಕಬೇಕು. ಒಂದೂವರೆಗೆ 6 ಇಲ್ಲಾ 10, ಎರಡೂವರೆಗೆ 16. "ಪದೇ ಪದೇ ಬೀಳತೈತಿ, ದೊಡ್ಡದು ಹಾಕು" ಅಂದ್ರಿ ಅಂದ್ರ ನನ್ನ ಮೂರು ಎಳಿ ಫೀಜಿನ ಕತಿ ನಿಮ್ಮದೂ ಆತು.

ಮೂರು, ಅರ್ಥ್ ಎಲ್ಲೈತಿ? ಮನಿ ಹಿಂದ ಅರ್ಥಿನ ಕುಣಿ ತೋರ್ಸು ಅನ್ರಿ. ಅಲ್ಲಿಂದ ಮೇನ್ ಬೋರ್ಡಿಗೆ, ಅಲ್ಲಿಂದ ಈ ಸಾಕೆಟ್ಟಿಗೆ ಹಸಿರು ವಾಯರ್ ಬಂದಿರಬೇಕು. ಕುಣಿ ಇಲ್ಲಾಂದ್ರ ಮೊದಲು ಕುಣಿ, ಆಮ್ಯಾಲೆ ಪಾಯಿಂಟ್. ಕುಣಿ ತೋಡೋದು ನಮಗ ಹೇಳಿಕೊಡಬೇಕೇನು? ಬಾವಿ ತೋಡಿದ ಜನ ನಾವು. ಪೈಪು, ಇದ್ದಲಿ, ಉಪ್ಪು ಹಾಕಿ ಮುಚ್ಚಿ, ಬ್ಯಾಸಗ್ಯಾಗ ನಾಕು ಕೊಡ ನೀರು ಹಾಕ್ರಿ. ನಮ್ಮ ಎರಿ ಮಣ್ಣು ಬ್ಯಾಸಗ್ಯಾಗ ಬಿರಿದು ಪೈಪಿನಿಂದ ದೂರ ಸರೀತೈತಿ, ಅದು ನೆನಪಿರಲಿ.

ನಾಕು, ಜಾಯಿಂಟ್ ಎಲ್ಲಿ ಬರತೈತಿ? ನಡು ಗ್ವಾಡಿಯೊಳಗ, ಹಂಚಿನ ಕೆಳಗ, ಟೇಪ್ ಸುತ್ತಿದ ಜಾಯಿಂಟ್ ಬ್ಯಾಡ. ಜಾಯಿಂಟ್ ಇರೋದು ಡಬ್ಬಿಯೊಳಗ, ಸ್ಕ್ರೂ ಕೆಳಗ, ಬಿಚ್ಚಿ ನೋಡೋಹಂಗ ಇರಬೇಕು. ಹಂಚಿನ ಕೆಳಗ ಇಲಿ ಟೇಪ್ ಕಡೀತೈತಿ, ಮಳಿ ಉಳಿದದ್ದು ಮಾಡತೈತಿ.

ಐದು, ಸ್ವಿಚ್ ಫೇಸಿನೊಳಗ ಐತೇನು? ನ್ಯೂಟ್ರಲ್‌ನೊಳಗ ಸ್ವಿಚ್ ಹಾಕಿದ್ರೂ ಬಲ್ಬ್ ಆರತೈತಿ. ಆದ್ರ ಹೋಲ್ಡರ್‌ನೊಳಗ ಕರೆಂಟ್ ಹಂಗ ಇರತೈತಿ. ಬಲ್ಬ್ ಬದಲಸಾಕ ಹೋದವಗ ಅದು ಗೊತ್ತಿರಂಗಿಲ್ಲ.

ಈ ಐದಕ್ಕೂ ಮುಂಚೆ ಮೇನ್ ಬೋರ್ಡಿನೊಳಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದು ಕುಂದ್ರಿಸ್ರಿ. ಅದರ ಮ್ಯಾಲೆ ಪರೀಕ್ಷೆಯ ಗುಂಡಿ ಇರತೈತಿ. ತಿಂಗಳಿಗೊಮ್ಮೆ, ಅಮಾಸಿಗೆ ಅಂತ ಇಟ್ಕೊಳ್ರಿ, ಒತ್ತಿ ನೋಡ್ರಿ. ಬಿತ್ತಂದ್ರ ಜೀವಂತ ಐತಿ. ಬೀಳಲಿಲ್ಲ ಅಂದ್ರ ಬದಲಿಸ್ರಿ.

ರೊಕ್ಕದ ಮಾತು. ನನಗ ಕುಣಿ, ಪೈಪು, ಆರ್‌ಸಿಸಿಬಿ, ಕೊಟ್ಟಿಗಿಗೆ ಬ್ಯಾರೆ ಲೈನು, ಕೂಲಿ ಎಲ್ಲಾ ಸೇರಿ ಹತ್ತು ಸಾವಿರದ ಒಳಗ ಆತು. ಎಮ್ಮಿ ಎಂಬತ್ತು ಸಾವಿರದ್ದು. ಮೊದಲ ಸಲ ಪಾಯಿಂಟ್ ಎಳೆದಾಗ ನಾನು ಉಳಿಸಿದ್ದು ವಾಯರಮನ್‌ನ ಕೂಲಿ, ಮುನ್ನೂರು ರೂಪಾಯಿ. ನಮ್ಮ ಒಕ್ಕಲುತನದೊಳಗ ಎಷ್ಟೋ ಲುಕ್ಸಾನು ನೋಡೇನಿ. ಇಷ್ಟು ದಡ್ಡ ಲುಕ್ಸಾನು ನೋಡಿಲ್ಲ.

ವಾಯರಮನ್ ಬರಂಗಿಲ್ಲ ಅನ್ನೋದಕ್ಕ ನನ್ನ ಹತ್ರ ಒಂದು ಉಪಾಯ ಐತಿ, ಹೊಸದೇನಲ್ಲ. ರಾಶಿ ಮಾಡೋ ಮಷೀನ್ ಒಬ್ಬನ ಹೊಲಕ್ಕ ಬರಂಗಿಲ್ಲ ಅಂದ್ರ ಏನು ಮಾಡ್ತೀವಿ? ನಾಕು ಮಂದಿ ಕೂಡಿ ಕರೆಸ್ತೀವಿ. ಮುಯ್ಯಾಳು ಪದ್ಧತಿ ನಮ್ಮದೇ. ಐದು ಮನಿ ಕೂಡಿ ಒಂದು ದಿನದ ಕೆಲಸ ಮಾಡಿ ಕೊಟ್ರ ಕಲಿತ ವಾಯರಮನ್ ಬರ್ತಾನ. ಕುಣಿ ನಾವೇ ತೋಡಿ ಇಟ್ರ ಅವನ ಕೂಲಿನೂ ಕಡಿಮಿ.

ದೊಡ್ಡವರಿಗೂ ಒಂದು ಮಾತು ಐತಿ. 2002ರಿಂದ ನಮ್ಮದು ಹೆಸ್ಕಾಂ, ಬಾಯಾಗ ಇನ್ನೂ ಕೆಇಬಿ. ಬಿಲ್ ಓದಾಕ ತಿಂಗಳಿಗೊಮ್ಮೆ ಪ್ರತಿ ಮನಿ ಬಾಗಿಲಿಗೆ ಮನಿಷ್ಯಾ ಬರ್ತಾನ. ವರ್ಷಕ್ಕೊಮ್ಮೆ ಅರ್ಥ್ ಐತೋ ಇಲ್ಲೋ ನೋಡಾಕ ಯಾಕ ಬರಬಾರದು? ಸರ್ಕಾರ ಆಶ್ರಯ ಮನಿ ಕೊಡೋವಾಗ ಗ್ವಾಡಿ, ಚಾವಣಿಗೆ ಫೋಟೋ ತಗೊಂಡು ಬಿಲ್ ಮಾಡ್ತಾರ. ಆ ಪಟ್ಟಿಗೆ ಒಂದು ಅರ್ಥಿನ ಕುಣಿ, ಒಂದು ಆರ್‌ಸಿಸಿಬಿ ಸೇರಸಾಕ ಏನು ಕಷ್ಟ? ತಿಂಗಳಾ ತಿಂಗಳಾ ಪುಗಸಟ್ಟೆ ಕರೆಂಟ್ ಕೊಡೋ ಸರ್ಕಾರಕ್ಕ ಒಂದೇ ಸಲ ಜೀವ ಕಾಯೋ ಡಬ್ಬಿ ಕೊಡೋದು ಭಾರ ಆಗಂಗಿಲ್ಲ. ನಮ್ಮ ಪುರಸಭೆ, ಪಂಚಾಯ್ತಿ ಸದಸ್ಯರು ಈ ಪೇಜ್ ಓದ್ತಾರ ಅಂತ ಗೊತ್ತೈತಿ. ಮುಂದಿನ ಸಭೆಯೊಳಗ ಮಾತು ತಗೀರಿ.

ಅಲ್ಲಿತನಕ, ಯಾರಿಗಾದ್ರೂ ಕರೆಂಟ್ ಹಿಡಕೊಂಡ್ರ ಓಡಿ ಹೋಗಿ ಮೈ ಮುಟ್ಟಬ್ಯಾಡ್ರಿ. ಮೊದಲು ಮೇನ್ ಆಫ್. ಮೇನ್ ಸಿಗದಿದ್ರ ಒಣ ಕಟ್ಟಿಗಿಯಿಂದ ದೂರ ಸರಿಸ್ರಿ, 108ಕ್ಕ ಫೋನ್ ಮಾಡ್ರಿ. ಲೈನ್ ಹರಿದು ಬಿದ್ದಿದ್ರ ಹತ್ರ ಹೋಗಬ್ಯಾಡ್ರಿ, 1912ಕ್ಕ ಹೇಳ್ರಿ. ಮನ್ಯಾಗ ಎಲ್ಲಾರಿಗೂ, ಸಣ್ಣ ಹುಡುಗರಿಗೂ, ಮೇನ್ ಎಲ್ಲೈತಿ ಅಂತ ಇವತ್ತೇ ತೋರಸ್ರಿ. ನಮ್ಮ ಮೊಮ್ಮಗ ಈಗ ಕುರ್ಚಿ ಹತ್ತಿ ಆಫ್ ಮಾಡಿ ತೋರಸ್ತಾನ.

ಕಡೀಗೆ ಆ ಫ್ರಿಜ್ಜಿನ ಮನಿ. ನಾನು ಹೇಳಿದ್ದಕ್ಕ ಅವರಿಗೆ ಬ್ಯಾಸರ ಆತು. "ನಿನ್ನ ಎಮ್ಮಿ ಸತ್ತರ ನನ್ನ ಫ್ರಿಜ್ ಯಾಕೋ ನಿಲ್ಲಸ್ತೀ" ಅಂದ್ರು. ಚಾ ಕುಡೀಲಿಲ್ಲ, ಎದ್ದು ಬಂದೆ. ಫ್ರಿಜ್ ಚಾಲೂ ಐತಿ ಅಂತ ಕೇಳ್ಪಟ್ಟೆ. ಲೂಪ್ ಹಾಕೇ ಐತಿ. ಆ ಮನಿ ಅಡಗಿ ಮನಿ ನೆಲ ಮಳಿಗಾಲದಾಗ ಒಣಗೋದಿಲ್ಲ, ನನಗ ಗೊತ್ತೈತಿ. ಹೊಸ ಸೊಸಿ ಬರಿಗಾಲಿಲೆ ಓಡಾಡತಾಳ.

ಬರೋ ಆಯ್ತವಾರ ಶಿಗ್ಗಾಂವಿಯಿಂದ ಅದೇ ವಾಯರಮನ್ ನಮ್ಮ ಓಣಿಗೆ ಬರ್ತಾನ. ನಾಕು ಮನಿ ಆಗ್ಯಾವು. ಐದನೇ ಮನಿ ಜಾಗ ಖಾಲಿ ಬಿಟ್ಟೇನಿ. ಅವರ ಹುಡುಗರು ಈ ಪೇಜ್ ಓದ್ತಾರ. ಯಜಮಾನ್ರಿಗೆ ಓದಿ ಹೇಳ್ರಪ್ಪಾ. ನನ್ನ ಮ್ಯಾಲಿನ ಸಿಟ್ಟು ಇರಲಿ, ಅದು ಆಮ್ಯಾಲೆ ನೋಡೋಣು. ಕುಣಿ ತೋಡಾಕ ಶನಿವಾರ ಮುಂಜಾನೆ ನಾನೇ ಸಲಿಕಿ, ಗುದ್ದಲಿ ತಗೊಂಡು ಬರ್ತೀನಿ. ಹಿತ್ತಲ ಬಾಗಿಲ ತೆಗೆದಿಡ್ರಿ.